ಗೋದತ್ತೆಯ ಟಿಕೀಟು

ಜೇನುಮೇಣವೂ ಕುಂಕುಮವೂ ಒಂದೇ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂಡಿ ಹಳತಾದರೆ ಒಂದು ವಾಸನೆ ಹುಟ್ಟುತ್ತದೆ. ಅರ್ಧ ದೇವರ ಕೋಣೆಯದು, ಅರ್ಧ ಹೆಂಗಸಿನ ಹಣೆಯದು. ಅದನ್ನು ಮೂಗಿನಿಂದಲೇ ಕಲಿಯಬೇಕು, ಹೇಳಿ ತಿಳಿಸುವುದು ನನ್ನಿಂದಾಗದು. ಕಳೆದ ತಿಂಗಳು ಹಳೆಯ ಟ್ರಂಕನ್ನು ಖಾಲಿ ಮಾಡುವಾಗ ಗೋದತ್ತೆಯ ಕುಂಕುಮದ ಡಬ್ಬಿ ಸಿಕ್ಕಿತು. ಕಟ್ಟಿಗೆಯದು, ಅಂಗೈಯಗಲ, ಮುಚ್ಚಳದ ಒಳಗೆ ಕಲೆಬಿದ್ದ ಕನ್ನಡಿ. ಮುಚ್ಚಳ ಬಿಗಿದುಕೊಂಡು ಕೂತಿತ್ತು. ಸೆರಗಿನಿಂದ ಹಿಡಿದು ತಿರುವಿದಾಗ ಸಣ್ಣಗೆ ಕಿರುಗುಟ್ಟಿ ತೆರೆಯಿತು. ವಾಸನೆ ಮೊದಲು ಬಂತು. ಅದರ ಬೆನ್ನಿಗೇ ಹುಬ್ಬಳ್ಳಿಯ ನಮ್ಮ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆ ಬಂತು, ಸ್ಟೋವಿನ ಸೀಮೆಎಣ್ಣೆ ಬಂತು, ರೊಟ್ಟಿ ತಟ್ಟುವ ಸಪ್ಪಳ ಬಂತು, ಹಿತ್ತಲ ಗೋಡೆಯಾಚೆ ವ್ಯಾಗನ್ನುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದೂ ಬಂತು. ಕನ್ನಡಿಯ ಹಿಂದೆ ಎರಡು ವಸ್ತುಗಳಿದ್ದವು. ಒಂದು, ಹೆಬ್ಬೆರಳಿನಷ್ಟುದ್ದದ ರಟ್ಟಿನ ರೈಲು ಟಿಕೀಟು, ನಡುವೆ ಒಂದು ತೂತು. ಇನ್ನೊಂದು, ನಾಲ್ಕು ಮಡಿಕೆಯ ತೆಳ್ಳನೆಯ ಕಾಗದ, ಅಕ್ಷರವೆಲ್ಲ ಅಳಿಸಿಹೋದದ್ದು. ನಿಮ್ಮ ಮನೆಯಲ್ಲೂ ಇಂಥ ಡಬ್ಬಿಯೊಂದು ಇರುತ್ತದೆ. ತೆರೆಯುವ ಮೊದಲು ಎಲ್ಲಿಯಾದರೂ ಕುಳಿತುಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ನಮ್ಮ ಇಡೀ ಕಾಲೋನಿ ವರ್ಕ್‌ಶಾಪಿನ ಭೋಂಗಾ ಕೂಗಿದಾಗ ಏಳುತ್ತಿತ್ತು, ಕೂಗಿದಾಗ ಉಣ್ಣುತ್ತಿತ್ತು. ಗಡಿಯಾರವಿದ್ದವರೂ ಭೋಂಗಾ ಕೇಳಿಯೇ ಮುಳ್ಳು ತಿರುವಿಕೊಳ್ಳುತ್ತಿದ್ದರು. ಎರಡು ಕೋಣೆ, ಮುಂದೊಂದು ಕಟ್ಟೆ, ಹಿತ್ತಲಲ್ಲಿ ನುಗ್ಗೆಗಿಡ, ಅದರಾಚೆ ಗೋಡೆ, ಗೋಡೆಯಾಚೆ ಹಳಿಗಳು. ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಬಾಬು ಮತ್ತು ಅಪ್ಪನ ತಂಗಿ ಗೋದತ್ತೆ. ನಮಗೆ ಹೊಲವಿರಲಿಲ್ಲ, ಬಂಗಾರವಿರಲಿಲ್ಲ, ಪಾಸು ಇತ್ತು. ರೈಲ್ವೆ ನೌಕರ ಹೆಂಡತಿ ಮಕ್ಕಳೊಂದಿಗೆ ಬಿಟ್ಟಿಯಾಗಿ ತಿರುಗಾಡಲು ಕೊಡುತ್ತಿದ್ದ ಆ ಕಾಗದದ ಬಗ್ಗೆ ನಮಗಿದ್ದ ಗರ್ವವನ್ನು ಈಗ ನೆನೆದರೆ ನಗು ಬರುತ್ತದೆ. ಟಿಕೀಟು ತೆಗೆಸುವವರು ನಮ್ಮ ಪಾಲಿಗೆ ‘ಹೊರಗಿನ ಮಂದಿ’. ಮದುವೆಗೆ ಬಂದ ಬೀಗರು ಟಿಕೀಟು ತೆಗೆಸಿ ಬಂದರೆಂದು ತಿಳಿದರೆ ಕಾಲೋನಿಯ ಹೆಂಗಸರು ಪಾಪ ಎಂದು ಲೊಚಗುಟ್ಟುತ್ತಿದ್ದರು. ಎಂಜಿನ್ನಿನ ಕೂಗು ಕೇಳಿ ಅದು ಯಾವುದೆಂದು ಹೇಳಬಲ್ಲ ನಾನು, ಹನ್ನೊಂದು ವರ್ಷ ತುಂಬುವ ತನಕ ಹುಬ್ಬಳ್ಳಿ ಸ್ಟೇಷನ್ನಿನ ಟಿಕೀಟಿನ ಕಿಟಕಿಯನ್ನು ಹತ್ತಿರದಿಂದ ನೋಡಿರಲಿಲ್ಲ. ನಾವು ಹೋಗಿ ಬರುವುದೆಲ್ಲ ಯಾರ್ಡಿನ ಬದಿಯ ಗೋಡೆಯ ಸಂದಿಯಿಂದ. ಈ ಗರ್ವವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ನಮ್ಮ ಮನೆಯವರು ಮುಂದೆ ಮಾಡಿದ್ದೆಲ್ಲ ಅದರ ದೆಸೆಯಿಂದಲೇ.

ಗೋದತ್ತೆಯನ್ನು ಶಿರಗುಪ್ಪಿಗೆ ಕೊಟ್ಟಿದ್ದರು. ಮದುವೆಯಾದ ಎರಡನೆಯ ವರ್ಷ ಆಕೆಯ ಗಂಡ, ನಮ್ಮ ಮಾಮಾ, ಗೋವಾದ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಹೊರಟ. ಹುಬ್ಬಳ್ಳಿ ಸ್ಟೇಷನ್ನಿಗೆ ಬಂದು, ಬುತ್ತಿ ಕೈಗಿಟ್ಟು, ಗಾಡಿ ಹತ್ತಿಸಿದವಳು ಅತ್ತೆಯೇ. ಮೂರು ತಿಂಗಳು ಕಾಗದ ಬಂದವು, ಆಮೇಲೆ ನಿಂತವು. ಅಪ್ಪ ಒಮ್ಮೆ ರಜೆ ಹಾಕಿ ಹೋಗಿ ವಿಚಾರಿಸಿದ. ಆ ಹೆಸರಿನವ ಕೆಲಸ ಬಿಟ್ಟು ಬಹಳ ದಿನವಾಯಿತು ಎಂದರಂತೆ. ಸತ್ತ ಎಂದು ಹೇಳಿದವರಿಲ್ಲ, ಇದ್ದಾನೆ ಎಂದು ಕಂಡವರಿಲ್ಲ. ಗಂಡನ ಮನೆಯವರು ಒಂದು ವರ್ಷ ನೋಡಿ ಅತ್ತೆಯನ್ನು ನಮ್ಮ ಬಾಗಿಲಿಗೆ ತಂದು ಬಿಟ್ಟು ಹೋದರು. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು. ನನಗೆ ತಿಳಿವಳಿಕೆ ಬಂದಾಗಿನಿಂದ ಕಂಡ ಗೋದತ್ತೆ ಎಂದರೆ ಬೆಳಗಿನ ಭೋಂಗಾದ ಹೊತ್ತಿಗೆ ಮಿಂದು, ಡಬ್ಬಿ ತೆರೆದು, ಉಂಗುರಬೆರಳಿನಿಂದ ಹಣೆಗೆ ಮೇಣ ಒತ್ತಿ, ಅದರ ಮೇಲೆ ಕುಂಕುಮವನ್ನು ದುಂಡಗೆ ಇಟ್ಟುಕೊಳ್ಳುವವಳು. ಕನ್ನಡಿ ಎದುರಿಗಿದ್ದರೂ ನೋಡುತ್ತಿರಲಿಲ್ಲ. ಆದರೂ ಆ ದುಂಡು ಒಂದು ದಿನವೂ ಓರೆಯಾದದ್ದಿಲ್ಲ. ಅತ್ತೆ ಅತ್ತದ್ದನ್ನು ನಾನು ನೋಡಿಲ್ಲ, ಮಾಮಾನ ಹೆಸರೆತ್ತಿದ್ದನ್ನೂ ಕೇಳಿಲ್ಲ. ಗೋವಾ ಗಾಡಿ ಗೋಡೆಯಾಚೆ ಹಾಯ್ದು ಹೋಗುವಾಗ ರೊಟ್ಟಿ ತಟ್ಟುವ ಕೈ ಒಂದು ಗಳಿಗೆ ನಿಂತು ಮತ್ತೆ ತಟ್ಟುತ್ತಿತ್ತು, ಅಷ್ಟೆ.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಗೋವಾಕ್ಕೆ ಘಟ್ಟ ಇಳಿಯುವ ಸಣ್ಣ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಕುತ್ತಾರೆ, ಅದು ಮುಗಿಯುವ ತನಕ ಗಾಡಿ ಬಂದ್ ಎಂಬ ಸುದ್ದಿ ಕಾಲೋನಿಗೆ ಬಂತು. ಮಗ್ಗುಲ ಮನೆಯ ಫಕ್ಕೀರಪ್ಪ ಕಾಕಾ ಅದೇ ಘಟ್ಟದ ಗಾಡಿಗಳಿಗೆ ಗಾರ್ಡ್ ಆಗಿದ್ದರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅವರು ಸುರಂಗಗಳನ್ನು ಒಂದೊಂದಾಗಿ ಹೇಳುತ್ತಿದ್ದರೆ ಬಾಬು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. “ದೂಧಸಾಗರ ನೋಡೂದಿದ್ರ ಈ ಮಳಿಗಾಲ ನೋಡಬೇಕ್ರಿ. ಗುಡ್ಡದ ಮ್ಯಾಲ ಹಾಲಿನ ಕೊಡ ಉರುಳಿಸಿದಂಗ ಕಾಣತೈತಿ. ಗಾಡಿ ಅದರ ಮೂಗಿನ ಮುಂದ ಹಾದು ಹೊಕ್ಕೇತಿ” ಎಂದರು. ಅಪ್ಪ ಅಂದೇ ಹೂಂ ಎಂದ. ಅಲ್ಲಿಂದ ಎಡಗಡೆ ಕೂಡಬೇಕೋ ಬಲಗಡೆಯೋ ಎಂಬ ಜಗಳ ಶುರುವಾಯಿತು. ಅಪ್ಪ ಎಡಕ್ಕೆ ಎಂದರೆ ಕಾಕಾ, ಎಂಜಿನ್ನಿನ ಕಡೆ ಮುಖ ಮಾಡಿಯೋ ಬೆನ್ನು ಮಾಡಿಯೋ ಅದನ್ನು ಮೊದಲು ಹೇಳ್ರಿ ಎನ್ನುವರು. ಕಟ್ಟೆಯ ಮೇಲೆ ಬೆಂಕಿಕಡ್ಡಿ ಜೋಡಿಸಿ ಹಳಿ ಮಾಡಿ, ಬೆಂಕಿಪೆಟ್ಟಿಗೆಯನ್ನು ಗಾಡಿ ಮಾಡಿ ತಳ್ಳುವರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಗೋದತ್ತೆಯ ದನಿ ಬಂತು. “ಅಣ್ಣಾ, ನಾನೂ ಬರ್ತೇನಿ.”

ನಾವೆಲ್ಲ ತಿರುಗಿ ನೋಡಿದೆವು. ನಾವು ಎಲ್ಲಿಗೆ ಹೊರಟರೂ ಮನೆ ಕಾಯಲು ಯಾರಾದರೂ ಬೇಕಲ್ಲ ಎಂದು ಉಳಿಯುತ್ತಿದ್ದವಳು ಅತ್ತೆ. ಅದು ಎಷ್ಟು ರೂಢಿಯಾಗಿತ್ತೆಂದರೆ, ನೀನೂ ಬಾ ಎಂದು ಯಾರೂ ಆಕೆಯನ್ನು ಕರೆದೇ ಇರಲಿಲ್ಲ. “ಯಾಕವಾ ಗೋದಾ, ಒಮ್ಮಿಂದೊಮ್ಮೆಲೆ?” ಎಂದು ಅಪ್ಪ ಮೆತ್ತಗೆ ಕೇಳಿದ. “ಆ ಗಾಡಿ ಎಲ್ಲಿಗೆ ಹೊಕ್ಕೇತಿ ಒಮ್ಮೆ ನೋಡಬೇಕು ಅನಿಸೈತಿ. ಹಳಿ ಕಿತ್ತ ಮ್ಯಾಲ ಏನ್ ನೋಡೂದು?” ಎಂದು ಅತ್ತೆ ಒಳಗೆ ಹೋದಳು. ಬೆಂಕಿಪೆಟ್ಟಿಗೆಯ ಗಾಡಿ ಕಾಕಾನ ಕೈಯಲ್ಲೇ ನಿಂತಿತ್ತು.

ಮರುದಿನ ಅಪ್ಪ ಪಾಸಿನ ಅರ್ಜಿಯ ವಿಷಯ ಕೇಳಿಕೊಂಡು ಬಂದ. ತಂಗಿಯನ್ನು ಸೇರಿಸಬಹುದಿತ್ತು, ಆದರೆ ಆಕೆ ಮದುವೆಯಾಗದವಳಿರಬೇಕು, ಇಲ್ಲವೆ ವಿಧವೆಯಾಗಿರಬೇಕು. ಗಂಡ ಇದ್ದಾನೋ ಇಲ್ಲವೋ ತಿಳಿಯದ ಹೆಂಗಸಿಗೆ ಆ ಅರ್ಜಿಯಲ್ಲಿ ಯಾವ ಸಾಲೂ ಇರಲಿಲ್ಲ. ಅಪ್ಪ ಮೂರು ದಿನ ಮಂಕಾಗಿ ಕೂತ. ತಂಗಿ ಜೀವಮಾನದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಅದನ್ನೂ ಆಗದು ಎನ್ನುವುದು ಹೇಗೆ? ಆಗ ಕಾಕಾ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಹೇಳಿದರು. “ಹದಿಮೂರು ವರ್ಷ ಆತಲ್ರಿ. ವಿಧವಿ ಅಂತ ಬರಸಿಬಿಡ್ರಿ. ಒಂದ ಸೈ ಅಷ್ಟ. ಯಾರ ಬಂದು ನೋಡತಾರ?” ಎರಡು ದಿನದ ಮೇಲೆ ಅಪ್ಪ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಯೊಂದನ್ನು ತಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಅತ್ತೆಗೆ ಪೆನ್ನು ಕೊಟ್ಟ. “ಇದರಾಗ ಏನ್ ಬರದಾರಣ್ಣಾ?” ಎಂದಳು ಅತ್ತೆ. ಕನ್ನಡ ಓದಲು ಬರುತ್ತಿತ್ತು ಆಕೆಗೆ, ಇಂಗ್ಲಿಷು ಬರುತ್ತಿರಲಿಲ್ಲ. “ನೀ ನಮ್ಮ ಮನ್ಯಾಗ ಇರತೀ ಅಂತ ಬರದಾರ” ಎಂದ ಅಪ್ಪ. ಅತ್ತೆ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ‘ಗೋದಾವರಿ’ ಎಂದು ಒಂದೊಂದೇ ಅಕ್ಷರವನ್ನು ದುಂಡಗೆ ಬರೆದಳು. ಅಪ್ಪ ಆ ಹೊತ್ತಿನಲ್ಲಿ ನುಗ್ಗೆಗಿಡದ ಕಡೆ ನೋಡುತ್ತಿದ್ದ. ಅದನ್ನು ನಾನು ಕಂಡೆ, ಅರ್ಥ ಮಾತ್ರ ಆಗಲಿಲ್ಲ.

ಮುಂದಿನ ಎರಡು ವಾರ ಮನೆ ಹಬ್ಬದ ಮನೆಯಾಯಿತು. ಬುತ್ತಿಗೆ ಏನು ಎಂಬುದೇ ದೊಡ್ಡ ಚರ್ಚೆ. ಎಣ್ಣೆ ಸವರಿದ ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಎಂದು ಅವ್ವ ಹೇಳಿದರೆ, ಮಳೆಗೆ ಎಣ್ಣೆಗಾಯಿ ಹಳಸುತ್ತದೆ ಎಂದು ಅತ್ತೆ ಕಟಿಕಟಿ ರೊಟ್ಟಿ ಮಾಡಿ ಗೋಡೆಗೆ ಆನಿಸಿ ಒಣಗಿಸತೊಡಗಿದಳು. ಆ ದಿನಗಳಲ್ಲಿ ಅತ್ತೆ ಹಾಡುತ್ತಿದ್ದಳು. ಬಾಯಿ ತೆರೆದಲ್ಲ, ಮೂಗಿನಲ್ಲಿ, ರೊಟ್ಟಿಯ ತಾಳಕ್ಕೆ. ಅವ್ವ ನನಗೆ ಕಣ್ಣಲ್ಲೇ ತೋರಿಸಿ ನಗುತ್ತಿದ್ದಳು. ನಾನಾದರೋ ದಾರಿಯ ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಮಾಮಾನನ್ನು ಹುಡುಕುವುದೆಂದು ಗುಟ್ಟಾಗಿ ನಿಶ್ಚಯಿಸಿದ್ದೆ. ಆತನ ಮುಖವನ್ನೇ ನಾನು ನೋಡಿರಲಿಲ್ಲ ಎಂಬುದು ಅಡ್ಡಿಯೆಂದು ಆಗ ಅನ್ನಿಸಿರಲಿಲ್ಲ.

ಪಾಸು ಬಂತು. ಐದನೆಯ ಇಯತ್ತೆಯಿಂದ ಇಂಗ್ಲಿಷು ಕಲಿಯಲು ಶುರುಮಾಡಿ ನನಗೆ ಒಂದು ವರ್ಷವಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂಬ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು. ಸೋಪಿನ ಕಾಗದ, ಔಷಧದ ಬಾಟಲಿ, ಏನು ಸಿಕ್ಕರೂ ಅಕ್ಷರ ಕೂಡಿಸಿ ಕೂಡಿಸಿ ಓದುವುದೇ ಕೆಲಸ. ಅಪ್ಪನ ಅಂಗಿಯ ಕಿಸೆಯಿಂದ ಪಾಸು ತೆಗೆದು ಓದಿದೆ. ಎಲ್ಲರೂ ಇದ್ದೆವು. ಕೊನೆಯಲ್ಲಿ ಸಿಸ್ಟರ್ ಎಂದಿತ್ತು, ಅದು ಗೊತ್ತು. ಅದರ ಹಿಂದಿನ ಪದ ಗೊತ್ತಿರಲಿಲ್ಲ. ನೋಟುಬುಕ್ಕಿನ ಮೂಲೆಯಲ್ಲಿ ಬರೆದುಕೊಂಡು ಹೋಗಿ ಮರುದಿನ ಟೀಚರನ್ನು ಕೇಳಿದೆ. ಅವರು ಅರ್ಥ ಹೇಳಿದರು. ಹೊಸ ಪದ ಕಲಿತ ಸಂತೋಷದಲ್ಲಿ ಅದರ ಭಾರವೇ ನನಗೆ ಹತ್ತಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಸಂಜೆ ದೀಪ ಹಚ್ಚುವ ಹೊತ್ತು. ಅಪ್ಪ ಚಹಾ ಕುಡಿಯುತ್ತಿದ್ದ. ಅತ್ತೆ ಮುಖ ತೊಳೆದು ಬಂದು ಡಬ್ಬಿ ತೆರೆದು, ಮೇಣ ಒತ್ತಿಕೊಂಡು, ಬೆರಳನ್ನು ಕುಂಕುಮಕ್ಕೆ ಅದ್ದಿದ್ದಳು. “ಅತ್ತಿ, ಪಾಸಿನ್ಯಾಗ ನಿನ್ನ ಬಗ್ಗೆ ಏನ್ ಬರದೈತಿ ಗೊತ್ತೈತೇನು?” ಎಂದು ಕೇಳಿ, ನಾನೇ ಪದ ಓದಿ ಹೇಳಿ, ನಾನೇ ಅರ್ಥವನ್ನೂ ಹೇಳಿಬಿಟ್ಟೆ. ಅದ್ದಿದ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ಚಹಾದ ಬಟ್ಟಲು ನೆಲಕ್ಕಿಟ್ಟ ಸಪ್ಪಳ ಕೇಳಿತು, ಅಪ್ಪ ಏಳಲು ಹೋಗಿ ಅಲ್ಲೇ ಕೂತ. ಅವ್ವ ನನ್ನನ್ನು ನೋಡಿದ ಬಗೆಯಿಂದ ನಾನು ಏನೋ ಒಡೆದು ಹಾಕಿದ್ದೇನೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಅತ್ತೆ ಕುಂಕುಮವನ್ನು ಪೂರ್ತಿ ಇಟ್ಟುಕೊಂಡಳು. ಅವತ್ತು ಮೊದಲ ಸಲ ಕನ್ನಡಿಯಲ್ಲಿ ನೋಡಿಕೊಂಡಳು.

“ಹೌದೇನಣ್ಣಾ?”

“ಕಾಗದದ ಮ್ಯಾಲ ಅಷ್ಟವಾ. ಖರೇ ಏನಲ್ಲ.”

“ನೀ ಬರಸೀದಿ. ಕೆಳಗ ನನ್ನ ಕೈಲೆ ಸೈ ಮಾಡಿಸೀದಿ” ಎಂದಳು ಅತ್ತೆ. ದನಿ ಏರಿಸಲಿಲ್ಲ. “ಹದಿಮೂರು ವರ್ಷದಾಗ ನಾನ ಒಂದ ದಿನ ಆ ಮಾತು ಅಂದಿಲ್ಲ. ಶಿರಗುಪ್ಪಿಯವರೂ ಅಂದಿಲ್ಲ.” ಡಬ್ಬಿ ಮುಚ್ಚಿ ಗೂಡಿನಲ್ಲಿಟ್ಟು ಅಡುಗೆಮನೆಗೆ ಹೋದಳು. ಆ ರಾತ್ರಿ ಎಲ್ಲರಿಗೂ ಬಡಿಸಿದಳು, ಅಪ್ಪನಿಗೆ ತುಪ್ಪವನ್ನೂ ಹಾಕಿದಳು. ಹಾಡು ಮಾತ್ರ ಅಂದಿಗೆ ನಿಂತಿತು.

ಹೊರಡಲು ಐದು ದಿನ ಉಳಿದಿದ್ದವು. ಆ ಐದು ದಿನ ನಮ್ಮ ಮನೆಯಲ್ಲಿ ಒಬ್ಬರೂ ಜೋರಾಗಿ ಮಾತಾಡಲಿಲ್ಲ. ಬಾಬು ಕೂಡ ಸುರಂಗ ಎಣಿಸುವುದನ್ನು ಬಿಟ್ಟ. ಅಪ್ಪ ಪಾಸನ್ನು ಹಿಂದಿರುಗಿಸಿಬಿಡುತ್ತೇನೆ ಎಂದ; ಹಿಂದಿರುಗಿಸಬೇಕಾದರೆ ಯಾಕೆಂದು ಬರೆದುಕೊಡಬೇಕು, ಬರೆದುಕೊಟ್ಟರೆ ಸುಳ್ಳು ಬರೆಸಿದ್ದು ಬಯಲಾಗುತ್ತದೆ. ಅದೇ ಹೊತ್ತಿಗೆ ಕಾಕಾ ಬಂದು, ಬೇರೆ ಯಾರೋ ಅಕ್ಕನ ಮಗನನ್ನು ಸ್ವಂತ ಮಗನೆಂದು ಬರೆಸಿ ಸಿಕ್ಕಿಬಿದ್ದ ಕತೆಯನ್ನು ದನಿ ತಗ್ಗಿಸಿ ಹೇಳಿದರು. ಗಾಡಿಯಲ್ಲಿ ಚೆಕ್ಕರ್ ಹುಡುಗನನ್ನೇ ಕೇಳಿದನಂತೆ, ಹುಡುಗ ನಿಜ ಹೇಳಿದನಂತೆ, ಕೆಲಸಕ್ಕೇ ಕುತ್ತು ಬಂತಂತೆ. “ಗೋದವ್ವನ ಹಣಿ, ಕೈಯಾಗಿನ ಬಳಿ, ಕೊರಳಾಗಿನ ತಾಳಿ. ಅದನ್ನ ನೋಡಿ ಚೆಕ್ಕರ ಪಾಸ ನೋಡಿದ್ರ ಏನಂತಾನ? ನಾ ಅದನ್ನ ಮೊದಲ ವಿಚಾರ ಮಾಡಬೇಕಿತ್ತು” ಎಂದರು. ಕೊನೆಗೆ ಅವ್ವ, ಇಡೀ ಮನೆ ತನ್ನ ತಲೆಯ ಮೇಲೆ ಕೂತಂತೆ ಬಾಗಿಕೊಂಡು, ಅತ್ತೆಯ ಬಳಿ ಹೋದಳು. ನಾನು ಬಾಗಿಲ ಸಂದಿಯಲ್ಲಿದ್ದೆ. “ಗೋದಾ, ಸಿಟ್ಟಾಗಬ್ಯಾಡ. ಒಂದ ದಿನದ ಮಟ್ಟಿಗೆ ಹಣಿ ಮ್ಯಾಲ ಸೆರಗ ಎಳಕೊಂಡು ಕೂತ್ರ ಆಗೂದಿಲ್ಲೇನು? ಕುಂಕುಮ ಹಚ್ಚೂದ ಬಿಟ್ಟು...” ಎಂದು ಮುಂದೆ ಹೇಳಲಾರದೆ ತಾನೇ ಅತ್ತುಬಿಟ್ಟಳು. ಅತ್ತೆ ಅವ್ವನ ಬೆನ್ನು ಸವರಿದಳು. “ಹೋಗೂದ ತಪ್ಪಸಬ್ಯಾಡ್ರಿ. ಹುಡುಗೂರು ಆಶಾ ಇಟಗೊಂಡಾವು” ಎಂದಷ್ಟೇ ಅಂದಳು.

ಅತ್ತೆ ಬರುತ್ತಾಳೋ ಇಲ್ಲವೋ, ಬಂದರೆ ಹೇಗೆ ಬರುತ್ತಾಳೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆಕೆ ರೊಟ್ಟಿ ಒಣಗಿಸುತ್ತಲೇ ಇದ್ದಳು. ಎಷ್ಟು ಮಂದಿಗೆಂದು ನಾನು ಕದ್ದು ಎಣಿಸಿದೆ, ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಒಬ್ಬಳೇ ಎದುರಿಗೆ ಕೂತಾಗ, “ಪದ್ಮಿ, ಹೊರಗಿನ ಮಂದಿ ರೈಲಿನ್ಯಾಗ ಹೆಂಗ ಹೊಕ್ಕಾರ?” ಎಂದು ಕೇಳಿದಳು. “ಟಿಕೀಟು ತಗಸಿ ಹೊಕ್ಕಾರ” ಎಂದೆ, ಕಾಲೋನಿಯ ಎಲ್ಲ ತಾತ್ಸಾರವನ್ನೂ ಮೂಗಿಗೆ ತಂದುಕೊಂಡು. “ಯಾರ ಕೇಳಿದ್ರೂ ಕೊಡತಾರೇನು?” “ಯಾರ ಕೇಳಿದ್ರೂ ಕೊಡತಾರ. ಹೆಸರ ಸೈತ ಕ್ಯಾಳೂದಿಲ್ಲ.” ಅತ್ತೆ ಹೌದೇ ಎಂದು ಹಿಟ್ಟಿನ ಮುಂದಿನ ಉಂಡೆ ಕೈಗೆತ್ತಿಕೊಂಡಳು.

ಬೆಳಗಿನ ಗಾಡಿ. ಅತ್ತೆ ನಮಗಿಂತ ಮೊದಲೇ ಎದ್ದು ಮಿಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಹೊರಗೆ ಮಳೆ ಹನಿಯುತ್ತಿತ್ತು. ನಾವು ನಾಲ್ವರು ಚೀಲ ಹಿಡಿದು ಪಡಸಾಲೆಯಲ್ಲಿ ನಿಂತು ಆ ಬಾಗಿಲನ್ನೇ ನೋಡುತ್ತಿದ್ದೆವು. ಅತ್ತೆಯ ಬೋಳು ಹಣೆಯನ್ನು ನಾನು ನೋಡಬೇಕಾಗುತ್ತದೆ, ಅದಕ್ಕೆ ನಾನೇ ಕಾರಣ ಎಂದು ಕಣ್ಣು ಮುಚ್ಚಿಕೊಂಡೆ. ಬಾಗಿಲು ಕಿರುಗುಟ್ಟಿತು. ಕಣ್ಣು ತೆರೆದಾಗ ಅತ್ತೆ ತನ್ನ ಮದುವೆಯ ಹಸಿರು ಇಳಕಲ್ ಸೀರೆಯಲ್ಲಿ ನಿಂತಿದ್ದಳು. ಹಣೆಯ ಮೇಲೆ ನಾನು ಎಂದೂ ಕಾಣದಷ್ಟು ದೊಡ್ಡ ಕುಂಕುಮ, ಎರಡಾಣೆಯಗಲ. “ಗೋದಾ” ಎಂದ ಅಪ್ಪ. “ನೀವು ಮುಂದ ನಡೀರಿ. ನಾ ಹಿಂದಿಂದ ಬರ್ತೇನಿ” ಎಂದಳು ಅತ್ತೆ, ಬುತ್ತಿಯ ಗಂಟನ್ನು ಅವ್ವನ ಕೈಗೆ ಕೊಟ್ಟು.

ನಾವು ಎಂದಿನಂತೆ ಗೋಡೆಯ ಸಂದಿಯಿಂದ ಯಾರ್ಡಿಗೆ ಇಳಿದೆವು. ತಿರುಗಿ ನೋಡಿದರೆ ಅತ್ತೆ ಬರುತ್ತಿರಲಿಲ್ಲ. ಕೊಡೆ ಬಿಚ್ಚಿಕೊಂಡು ರಸ್ತೆ ಹಿಡಿದು, ಸುತ್ತುಹಾಕಿ, ಊರವರೆಲ್ಲ ಹೋಗುವ ದೊಡ್ಡ ಬಾಗಿಲಿನ ಕಡೆ ನಡೆದಿದ್ದಳು. ಅಪ್ಪ ನೋಡಿ ಬಾ ಎಂದು ನನ್ನನ್ನು ಓಡಿಸಿದ. ಸ್ಟೇಷನ್ನಿನ ಮುಂಭಾಗದಲ್ಲಿ ಕಿಟಕಿಯ ಮುಂದೆ ಸಾಲಿತ್ತು. ತಲೆಯ ಮೇಲೆ ಗಂಟು ಹೊತ್ತವರು, ಕೋಳಿ ಹಿಡಿದವರು, ಬೀಡಿ ಸೇದುವವರು, ಅವರ ನಡುವೆ ಹಸಿರು ಇಳಕಲ್ಲಿನ ನಮ್ಮ ಅತ್ತೆ. ನಾನು ಕಂಬದ ಹಿಂದೆ ನಿಂತೆ. ನನಗೆ ನಾಚಿಕೆಯಾಗಿತ್ತು, ಸುಳ್ಳೇಕೆ ಹೇಳಲಿ, ಕಾಲೋನಿಯ ಯಾರಾದರೂ ಕಂಡಾರೆಂದು. ಆಮೇಲೆ ಅತ್ತೆ ಕಿಟಕಿಯೊಳಗೆ ಕೈ ಹಾಕಿ, ಒಳಗಿನಿಂದ ಕಟಕ್ ಎಂದು ಮುದ್ರೆ ಒತ್ತಿದ ಸದ್ದು ಕೇಳಿ, ಸಣ್ಣ ರಟ್ಟನ್ನು ಹಿಡಿದು ತಿರುಗಿದಾಗ ಆ ಮುಖ ನೋಡಿ ನಾಚಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಷ್ಟೇ ಇತ್ತು. ಐದು ದಿನ ನಾವು ಉಂಡ ಅನ್ನ ಇಳಿಯದಂತೆ ಮಾಡಿಕೊಂಡ ಸಂಕಟಕ್ಕೆ ಮದ್ದು ಇಷ್ಟೇ ಇತ್ತು, ಗಂಟು ಹೊತ್ತವರಿಗೂ ಕೋಳಿ ಹಿಡಿದವರಿಗೂ ಗೊತ್ತಿದ್ದದ್ದು. ಅಪ್ಪನಿಗೆ ಹೊಳೆಯಲಿಲ್ಲ, ಕಾಕಾನಿಗೆ ಹೊಳೆಯಲಿಲ್ಲ, ಇಡೀ ಕಾಲೋನಿಗೆ ಹೊಳೆಯಲಿಲ್ಲ. ತಂಗಿಯನ್ನು ವಿಧವೆ ಮಾಡುವುದು ನಮಗೆ ಹೊಳೆಯಿತು, ಟಿಕೀಟು ತೆಗೆಸುವುದು ಹೊಳೆಯಲಿಲ್ಲ.

ಗಾಡಿಯ ಡಬ್ಬಿಯಲ್ಲಿ ಅತ್ತೆ ನಮ್ಮ ಎದುರು ಸಾಲಿನಲ್ಲಿ, ಕಿಟಕಿಗೆ, ಪರಿಚಯವಿಲ್ಲದವಳಂತೆ ಕೂತಳು. ಧಾರವಾಡ ಹೋಯಿತು, ಅಳ್ನಾವರ ಹೋಯಿತು. ಬಾಬು ಎರಡು ಸಲ ಅತ್ತಿ ಎನ್ನಲು ಹೋದಾಗ ಅವ್ವ ಅವನ ಬಾಯಿಗೆ ರೊಟ್ಟಿ ಇಟ್ಟಳು. ಲೋಂಡಾ ದಾಟಿದ ಮೇಲೆ ಚೆಕ್ಕರ್ ಬಂದ. ಅಪ್ಪ ಪಾಸು ತೆಗೆದು ಕೊಟ್ಟ. ಚೆಕ್ಕರ್ ಕನ್ನಡಕದ ಮೇಲಿನಿಂದ ನಮ್ಮನ್ನು ಎಣಿಸಿದ.

“ಐದ ಮಂದಿ ಅಂತ ಐತಲ್ರಿ. ನಾಕ ಮಂದಿ ಕಾಣತೀರಿ. ವಿಧವಿ ತಂಗಿ ಎಲ್ಲಿ?”

ಅಪ್ಪ ತಲೆಯೆತ್ತಿದ. ಎದುರಿಗೆ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು, ಕುಂಕುಮದ ಮೇಲೆ ಮಳೆಯ ಬೆಳಕು ಬಿದ್ದಿತ್ತು. ಅಪ್ಪ ಆ ಮುಖವನ್ನು ನೋಡುತ್ತಲೇ ಹೇಳಿದ. “ಅಂಥಾಕಿ ಯಾರೂ ಬಂದಿಲ್ರಿ.”

ಚೆಕ್ಕರ್ ಆ ಸಾಲಿಗೆ ಗೀಟು ಹಾಕಿ, ಪಾಸು ಹಿಂದಕ್ಕೆ ಕೊಟ್ಟು, “ನಿಮ್ಮದವಾ?” ಎಂದು ಅತ್ತೆಯ ಕಡೆ ತಿರುಗಿದ. ಅತ್ತೆ ಮುಷ್ಟಿ ಬಿಚ್ಚಿದಳು. ಬೆವರಿಗೆ ತುಸು ಮೆತ್ತಗಾದ ಆ ರಟ್ಟನ್ನು ಆತ ತೂತು ಹಾಕಿ ಕೊಟ್ಟ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ಎದ್ದು ಹೋಗಿ ತಂಗಿಯ ಪಕ್ಕದಲ್ಲಿ ಕೂತ. ಬಹಳ ಹೊತ್ತು ಇಬ್ಬರೂ ಒಂದೇ ಕಿಟಕಿಯಿಂದ ನೋಡುತ್ತಿದ್ದರು.

ಕ್ಯಾಸಲ್‌ರಾಕಿನ ಆಚೆ ಗಾಡಿ ಘಟ್ಟಕ್ಕೆ ಇಳಿಯಿತು. ಸುರಂಗದ ಕತ್ತಲೆ, ಹೊಗೆ, ತೇವದ ಕಲ್ಲಿನ ವಾಸನೆ, ಮತ್ತೆ ಬೆಳಕು. ದೂಧಸಾಗರದ ಸದ್ದು ನೋಟಕ್ಕಿಂತ ಮೊದಲು ಬಂತು. ಡಬ್ಬಿಯವರೆಲ್ಲ ಎದ್ದು ಒಂದೇ ಬದಿಗೆ ಮುಗಿಬಿದ್ದರು. ಎಡವೋ ಬಲವೋ ಎಂಬ ಜಗಳ ಯಾರಿಗೂ ನೆನಪಾಗಲಿಲ್ಲ. ನೀರಿನ ಹುಡಿ ಕಿಟಕಿಯೊಳಗೆ ಹಾರಿ ನಮ್ಮ ಮುಖ ತೋಯಿಸಿತು. ನಾನು ಅತ್ತೆಯನ್ನು ಎಳೆಯಲು ತಿರುಗಿದೆ. ಆಕೆ ಕೂತಲ್ಲೇ ಕೂತು ಎದುರಿನ ಕಿಟಕಿಯಿಂದ ಹಳಿಯನ್ನು ನೋಡುತ್ತಿದ್ದಳು. ಹಸಿರು ಗುಡ್ಡದ ಸೊಂಟಕ್ಕೆ ಸುತ್ತಿಕೊಂಡು, ನಾವು ಬಂದ ಕಡೆಗೂ ಹೋಗುವ ಕಡೆಗೂ ಅದು ಒಂದೇ ಸಮ ಹರಿದಿತ್ತು. ಅತ್ತೆ ಹೇಳಿದ ಮಾತು ನೀರಿನ ಸದ್ದಿನಲ್ಲೂ ನನಗೆ ಸ್ಪಷ್ಟವಾಗಿ ಕೇಳಿತು. “ಇಷ್ಟ ಛಲೋ ದಾರಿ ಐತಿ. ತಿರುಗಿ ಬರಾಕ ಏನ್ ತ್ರಾಸಿತ್ತು ಅವರಿಗೆ?” ಕುಳೆಮಿನಲ್ಲಿ ಇಳಿದು ಬುತ್ತಿ ಬಿಚ್ಚಿದೆವು, ಸಂಜೆಯ ಗಾಡಿಗೆ ಹಿಂದಿರುಗಿದೆವು. ನಾನು ಯಾವ ಸ್ಟೇಷನ್ನಿನಲ್ಲೂ ಮಾಮಾನನ್ನು ಹುಡುಕಲಿಲ್ಲ. ಹುಬ್ಬಳ್ಳಿಯಲ್ಲಿ ಎಲ್ಲರೂ ಯಾರ್ಡಿನ ಸಂದಿಯಿಂದಲೇ ಮನೆಗೆ ಬಂದದ್ದರಿಂದ ಅತ್ತೆಯ ಹೋಗಿಬರುವ ಟಿಕೀಟು ಗೇಟಿನವರ ಕೈಗೆ ಹೋಗದೆ ಆಕೆಯ ಕೈಯಲ್ಲೇ ಉಳಿಯಿತು.

ಸಣ್ಣ ಹಳಿ ಕಿತ್ತರು. ದೊಡ್ಡ ಗಾಡಿ ಬಂತು. ಅಪ್ಪ ಆಫೀಸಿಗೆ ಹೋಗಿ ಪಾಸಿನಿಂದ ತಂಗಿಯ ಸಾಲನ್ನೇ ತೆಗೆಸಿದ, ಏನು ಹೇಳಿ ತೆಗೆಸಿದನೋ ನಮಗೆ ಹೇಳಲಿಲ್ಲ. ಆಮೇಲೆ ಅತ್ತೆ ಮನೆ ಕಾಯಲಿಲ್ಲ. ನಾವು ಎಲ್ಲಿಗೆ ಹೊರಟರೂ ನಾವು ಪಾಸಿನ ಮೇಲೆ, ಆಕೆ ಟಿಕೀಟಿನ ಮೇಲೆ. ಆ ಟಿಕೀಟಿಗಾಗಿ ಪ್ರತಿ ಸಲ ಸಾಲಿನಲ್ಲಿ ನಿಲ್ಲುತ್ತಿದ್ದವನು ಅಪ್ಪ. ಫಿಟ್ಟರ್‌ಗೆ ಏನಾಗಿದೆ ಎಂದು ಕಾಲೋನಿ ನಕ್ಕಿತು, ಕಾಕಾ ಒಬ್ಬರೇ ನಗಲಿಲ್ಲ. ವರ್ಷಗಳು ಹೀಗೆ ಹೋದವು. ಅವ್ವ ಹೋದಳು. ಅಪ್ಪ ನಿವೃತ್ತನಾಗಿ ನಾವು ಧಾರವಾಡಕ್ಕೆ, ಕೆಲಗೇರಿಯ ಕಡೆಗೆ ಮನೆ ಮಾಡಿದೆವು. ಹುಬ್ಬಳ್ಳಿಯ ಆ ಕ್ವಾರ್ಟರ್ಸನ್ನು ಕೆಡವಿದರು. ನುಗ್ಗೆಗಿಡ ಎಲ್ಲಿತ್ತೆಂದು ಈಗ ನಿಂತು ತೋರಿಸಲು ನನಗೂ ಆಗದು. ಎರಡು ಸಾವಿರದ ಇಸವಿಯ ನಂತರದ ಒಂದು ಮಳೆಗಾಲದಲ್ಲಿ ಗೋದತ್ತೆ ಮೂರು ದಿನ ಜ್ವರ ಬಂದು ತೀರಿಕೊಂಡಳು. ಮೀಯಿಸಿ ಮಲಗಿಸಿದ ಮೇಲೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕುಂಕುಮ ಇಡುವುದೋ ಬೇಡವೋ ಎಂದು ಯಾರೋ ಪಿಸುಗುಟ್ಟಿದರು. ಅಪ್ಪ ಕೋಲೂರಿಕೊಂಡು ಒಳಗೆ ಬಂದು, ಗೂಡಿನಿಂದ ಡಬ್ಬಿ ತೆಗೆದು, ತಾನೇ ನೆಲಕ್ಕೆ ಕೂತು, ತಂಗಿಯ ಹಣೆಗೆ ಮೇಣ ಒತ್ತಿ ಕುಂಕುಮವಿಟ್ಟ. ಓರೆಯಾಯಿತು. ಒರೆಸಿ ಮತ್ತೆ ಇಟ್ಟ.

ಅಸ್ಥಿಯನ್ನು ಎಲ್ಲಿ ಬಿಡುವುದೆಂದು ಕೇಳಿದಾಗ, “ಆ ಘಟ್ಟದ ಕೆಳಗಿನ ಹೊಳ್ಯಾಗ ಬಿಡೂನು. ಆಕಿಗೆ ಗೊತ್ತಿದ್ದ ದಾರಿ” ಎಂದ ಅಪ್ಪ. ಧಾರವಾಡ ಸ್ಟೇಷನ್ನಿನಲ್ಲಿ ನಾನು ಕೆಂಪು ವಸ್ತ್ರ ಕಟ್ಟಿದ ಸಣ್ಣ ಗಡಿಗೆಯನ್ನು ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ನನ್ನ ಟಿಕೀಟು ತೆಗೆಸಿ ಆಗಿತ್ತು. ಅಪ್ಪನ ಕಿಸೆಯಲ್ಲಿ ನಿವೃತ್ತರಿಗೆ ಕೊಡುವ ಪಾಸು ಇತ್ತು. ಆದರೂ ಆತ ಕೋಲೂರಿಕೊಂಡು ಹೋಗಿ ಕಿಟಕಿಯ ಸಾಲಿನಲ್ಲಿ ನಿಂತ. ಮಂದಿ ಮುಂದೆ ಹೋಗಿರಿ ಯಜಮಾನ್ರ ಎಂದು ದಾರಿ ಬಿಟ್ಟರೂ ಹೋಗಲಿಲ್ಲ, ತನ್ನ ಪಾಳಿ ಬರುವ ತನಕ ನಿಂತ. ಇನ್ನೊಂದು ಟಿಕೀಟು ತೆಗೆಸಿ, ಆ ತೆಳ್ಳನೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡ.

ಗಾಡಿ ಲೋಂಡಾ ದಾಟಿದ ಮೇಲೆ ಚೆಕ್ಕರ್ ಬಂದ. ಎಳೆಯ ಹುಡುಗ. ಅಪ್ಪ ಪಾಸು ಕೊಟ್ಟ, ನನ್ನ ಟಿಕೀಟು ಕೊಟ್ಟ, ಕೊನೆಗೆ ಮಡಿಚಿದ ಇನ್ನೊಂದು ಟಿಕೀಟನ್ನು ಬಿಚ್ಚಿ ಕೊಟ್ಟ. ಹುಡುಗ ನಮ್ಮಿಬ್ಬರನ್ನೂ ನೋಡಿದ. “ಮೂರನೇದವ್ರು ಎಲ್ರೀ ಅಜ್ಜಾರ, ಬಂದಿಲ್ಲೇನ್ರಿ?” ಎಂದ.

ಅಪ್ಪ ನನ್ನ ತೊಡೆಯ ಮೇಲಿದ್ದ ಗಡಿಗೆಯನ್ನು ತನ್ನ ತೊಡೆಗೆ ಎತ್ತಿಕೊಂಡು, ಕಿಟಕಿಯ ಕಡೆಗೆ ಸರಿದು ಕೂತ.

“ಬಂದಾಳಪಾ” ಎಂದ.